ತೇರದಾಳದ ಅರಿಸಿನ, ಬ್ಯಾಂಕಾಕಿನ ಡಬ್ಬಿ

ಬ್ಯಾಂಕಾಕಿಗೆ ಹೋಗಿ ಬಂದೆ ಎಂದರೆ ನಮ್ಮ ಜಮಖಂಡಿಯ ಗಂಡಸರು ಮೀಸೆಯ ಕೆಳಗೆ ಒಂದು ಥರ ನಗುತ್ತಾರೆ. ಹೆಂಗಸರು ನಗುವುದಿಲ್ಲ, ಅಲ್ಲಿಂದ ಏನು ತಂದೆ ಎಂದು ಕೇಳುತ್ತಾರೆ. ನಾನು ಏನು ತಂದೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಂಗಾರದ ಬುದ್ಧ, ಆನೆ ಸವಾರಿ, ನೀರಿನ ಮೇಲಿನ ಸಂತೆ ಯಾವುದೂ ಇದರಲ್ಲಿ ಬರುವುದಿಲ್ಲ. ಅವನ್ನು ನಾನು ನೋಡಲೇ ಇಲ್ಲ. ನಾವಿಬ್ಬರು ಹೆಂಗಸರು ಅಷ್ಟು ದೂರ ಹೋದದ್ದು ಮುಖಕ್ಕೆ ಹಚ್ಚುವ ಕ್ರೀಮನ್ನು ಡ್ರಮ್ಮುಗಟ್ಟಲೆ ಕಲಸುವ ಕಾರ್ಖಾನೆಗಳನ್ನು ನೋಡಲು.

ಜಮಖಂಡಿ

ಜಮಖಂಡಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ತವರು ಬೀಳಗಿ ಕಡೆ. ನಾವು ಕುರುಬರು, ಬೀರೇಶ್ವರನ ಒಕ್ಕಲು. ಆಲಮಟ್ಟಿಯ ಹಿನ್ನೀರು ಏರಿದಾಗ ನಮ್ಮ ಊರೂ ಹೊಲವೂ ಒಟ್ಟಿಗೇ ಹೋದವು. ಪರಿಹಾರ ಬಂದ ಮೇಲೆ ಅಪ್ಪ ನನ್ನನ್ನು ಕರೆದು ಒಂದು ಪಾಲು ಕೈಗಿಟ್ಟ. "ಇದು ಹೊಲಾ ಇದ್ದಂಗ. ಇದ್ರಾಗ ಏನರೆ ನಿಂದ ಅಂತ ಬಿತ್ತು" ಎಂದ. ಬಹಳ ವರ್ಷ ಅದನ್ನು ಬ್ಯಾಂಕಿನಲ್ಲಿಟ್ಟು ಕಾದೆ. ಏನು ಬಿತ್ತಬೇಕೆಂದು ಹೊಳೆದಿರಲಿಲ್ಲ.

ಪಾರ್ಲರಿನಲ್ಲಿ ಮದುಮಗಳಿಗೆಂದು ನಾನೇ ಒಂದು ಲೇಪ ಮಾಡುತ್ತಿದ್ದೆ. ತೇರದಾಳದ ಅರಿಸಿನ, ಹಾಲಿನ ಕೆನೆ, ಕಡಲೆಹಿಟ್ಟು, ಇನ್ನೊಂದೆರಡು ಸಾಮಾನು. ಹಚ್ಚಿ ತೊಳೆದರೆ ಕರ್ರಗಿನವಳ ಮುಖ ಬೆಳ್ಳಗೇನೂ ಆಗುತ್ತಿರಲಿಲ್ಲ. ಆದರೆ ದೀಪದ ಮುಂದೆ ಕುಳಿತವಳ ಹಾಗೆ ಒಂದು ಕಳೆ ಬರುತ್ತಿತ್ತು. ಮುಧೋಳದಿಂದ, ಬನಹಟ್ಟಿಯಿಂದ ಬಂದವರು ಡಬ್ಬಿಯಲ್ಲಿ ಕೊಡಿ ಎಂದು ಗಂಟುಬೀಳುತ್ತಿದ್ದರು. ಡಬ್ಬಿಯಲ್ಲಿಟ್ಟರೆ ವಾರದೊಳಗೆ ಹುಳಿ ನಾತ.

ಆ ಅರಿಸಿನ ನನಗೆ ಬರುತ್ತಿದ್ದುದು ಪದ್ಮಾವತಿಯಿಂದ. ತೇರದಾಳದ ಜೈನರ ಮನೆಯ ಮಗಳು, ರಬಕವಿಯ ಸೀರೆ ಅಂಗಡಿಗೆ ಸೊಸೆ. ಬನಹಟ್ಟಿಯ ಕಾಲೇಜಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಅವಳ ಬಣ್ಣ ಕಾಯಿಸಿದ ಹಾಲಿನದು, ನನ್ನದು ಎರೆಮಣ್ಣಿನದು. ನಾವಿಬ್ಬರೂ ಕೂಡಿ ನಡೆದರೆ ಹುಡುಗರು "ಹಗಲೂ ರಾತ್ರೀನೂ ಹೊಂಟಾವ್ ನೋಡಲೇ" ಎನ್ನುತ್ತಿದ್ದರು. ಪದ್ಮಾ ಚಪ್ಪಲಿ ಕೈಗೆ ತೆಗೆದುಕೊಂಡು ಅವರ ಬೆನ್ನು ಹತ್ತುತ್ತಿದ್ದಳು. ನನ್ನ ಪರವಾಗಿ ಅಷ್ಟು ಓಡಿದವರು ಬೇರೆ ಯಾರೂ ಇಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ.

ಕ್ರೀಮು ಮಾಡಿ ಮಾರೋಣ ಎಂದವಳು ಅವಳೇ. ಈ ಧಂದೆಯಲ್ಲಿ ಸ್ವಂತ ಕಾರ್ಖಾನೆ ಬೇಕಾಗಿಲ್ಲವಂತೆ. ಮಾಡಿಕೊಡುವವರು ಬೇರೆ ಇರುತ್ತಾರೆ, ಡಬ್ಬಿಯ ಮೇಲೆ ನಮ್ಮ ಹೆಸರು ಅಂಟಿಸುತ್ತಾರೆ. ನಾನು ಹೆಸರೂ ಇಟ್ಟೆ: ಹೊಂಬಣ್ಣ. ಮೊದಲು ಮಹಾರಾಷ್ಟ್ರದ ಒಬ್ಬರಿಂದ ಮಾದರಿ ತರಿಸಿದೆವು. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಎಣ್ಣೆ ಎಣಗಾಯಿ ಪಲ್ಯದ ಎಣ್ಣೆಯಂತೆ ಮೇಲೆ ಬಂದು ನಿಂತಿತು. ಆಗ ಸಿಕ್ಕವನು ಅಪ್ಪಾಸಾಹೇಬ. ಪದ್ಮಾಳ ಗಂಡನ ಸೋದರತ್ತೆಯ ಮಗ, ಗೋಕಾಕದವನು, ಬ್ಯಾಂಕಾಕಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡು ಅಲ್ಲಿಯ ಭಾಷೆಯನ್ನೂ ಕಲಿತವನು.

"ವೈನಿ, ಇಲ್ಲಿ ಯಾಕ ಒದ್ದಾಡತೀರಿ? ಅಲ್ಲಿ ಬರ್ರಿ. ಮುಂಜಾನೆ ಹೇಳಿದ್ರ ಸಂಜಿಗೆ ಸ್ಯಾಂಪಲ್ಲ ಕೈಯಾಗ" ಎಂದ. ಪದ್ಮಾ ಅವನಿಗೆ ಅತ್ತಿಗೆ, ಹೀಗಾಗಿ ಅವನ ಬಾಯಲ್ಲಿ ನಾನೂ ವೈನಿ.

ಅಪ್ಪನ ಹೊಲವನ್ನು ಬ್ಯಾಂಕಿನಿಂದ ತೆಗೆದು ಪದ್ಮಾಳ ಕೈಗಿಟ್ಟೆ.

ಬ್ಯಾಂಕಾಕಿನ ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಎರಡು ಸೀರೆ, ಪದ್ಮಾಳ ಚೀಲದಲ್ಲಿ ಒಂದು ಸಂಸಾರ. ಬೆಳ್ಳುಳ್ಳಿ ಹಾಕದ ಅಗಸಿ ಚಟ್ನಿ, ಖಡಕ್ ರೊಟ್ಟಿಯ ಗಂಟು, ಚುರುಮುರಿ, ಗುಳ್ಳಡಿಕಿ ಉಂಡಿ. ನೆಲದೊಳಗೆ ಬೆಳೆದದ್ದನ್ನು ಜೈನರು ತಿನ್ನುವುದಿಲ್ಲ. ಅರಿಸಿನವೂ ನೆಲದೊಳಗಿನದೇ ಅಲ್ಲವೇನೇ ಎಂದು ವಿಮಾನದಲ್ಲಿ ಕೆಣಕಿದೆ. "ಒಣಗಿದ್ದು ನಡೀತೈತಿ" ಎಂದು ಅವಳು ಕಣ್ಣು ಮುಚ್ಚಿದಳು.

ರೊಟ್ಟಿಯ ಗಂಟಿಗೆ ಯಾರೂ ಏನೂ ಅನ್ನಲಿಲ್ಲ. ಹಿಡಿದದ್ದು ಅರಿಸಿನವನ್ನು. ಕಾರ್ಖಾನೆಗೆ ತೋರಿಸಲೆಂದು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದೆ. ಸುಂಕದ ಅಧಿಕಾರಿ ಹುಡುಗ ಗಂಟು ಬಿಚ್ಚಿ ಮೂಗಿನ ಹತ್ತಿರ ತಂದ, ಸೀನಿದ, ಇನ್ನೊಮ್ಮೆ ಸೀನಿದ. ಮೇಜು, ಅವನ ಅಂಗಿಯ ತೋಳು, ಪಕ್ಕದವಳ ಕಂಪ್ಯೂಟರು ಎಲ್ಲ ಹಳದಿಯಾಯಿತು. ಒರೆಸಿದಷ್ಟೂ ಹರಡಿತು. ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಸಿನ ಎರಚಿಸಿಕೊಂಡವನಂತೆ ಆ ಹುಡುಗ ನಿಂತಿದ್ದ. ನಾನು ಮುಖಕ್ಕೆ ಹಚ್ಚುವಂತೆ ಕೈಸನ್ನೆ ಮಾಡಿ ತೋರಿಸಿದೆ. ಅವನು ನನ್ನ ಮುಖ ನೋಡಿದ, ಗಂಟು ನೋಡಿದ, ಪಕ್ಕದವಳಿಗೆ ಏನೋ ಹೇಳಿದ. ಇಬ್ಬರೂ ನಕ್ಕರು. ಹೊರಗೆ ಕಾಯುತ್ತಿದ್ದ ಅಪ್ಪಾಸಾಹೇಬನಿಗೆ ಅವನ ಮಾತನ್ನು ಕೇಳಿಸಿಕೊಂಡಷ್ಟು ಒಪ್ಪಿಸಿದೆ. ಅದನ್ನು ಅವನು ಬಹಳ ಹೊತ್ತು ಕನ್ನಡಕ್ಕೆ ತರಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ, "ಮುಖಕ್ಕ ಹಚ್ಚೂದಾದ್ರ ಇನ್ನೂ ಪರಿಣಾಮ ಆಗಿಲ್ಲಲ್ಲ ಅಂದಾನ್ರೀ" ಎಂದ.

ಪದ್ಮಾ ನಗಲಿಲ್ಲ. ನಾನೇ ನಕ್ಕೆ.

ಪಥುಮ್ ಥಾನಿ

ಆ ಊರಿನಲ್ಲಿ ಎಲ್ಲರೂ ಬಿಸಿಲಿಗೆ ಹೆದರುತ್ತಾರೆ. ನಮ್ಮ ಹಿಪ್ಪರಗಿ ರಸ್ತೆಯಲ್ಲಿ ಬೈಕಿನ ಹಿಂದೆ ಕುಳಿತ ಹುಡುಗಿಯರು ಮುಖಕ್ಕೆ ಓಡಣಿ ಸುತ್ತುವುದುಂಟು, ಅದು ಅರ್ಧ ಧೂಳಿಗೆ, ಅರ್ಧ ಊರವರ ಕಣ್ಣಿಗೆ. ಇಲ್ಲಿ ಗಂಡಸರೂ ತೋಳಿಗೆ ಬಟ್ಟೆಯ ಚೀಲ ಏರಿಸಿಕೊಳ್ಳುತ್ತಾರೆ. ಮೂಲೆಯ ಅಂಗಡಿಯೊಂದರಲ್ಲಿ ಸಾಬೂನು ಕೊಳ್ಳಲು ಹೋದೆ. ಬಿಳಿಯಾಗಿಸದ ಸಾಬೂನು ಸಿಗಲೇ ಇಲ್ಲ. ಬೆವರು ನಾರದಂತೆ ಬಗಲಿಗೆ ಸವರುವ ಕಡ್ಡಿಯೂ ಬಗಲನ್ನು ಬಿಳಿ ಮಾಡುತ್ತದಂತೆ. ಬಗಲು ನೋಡಲು ಯಾರು ಬರುತ್ತಾರೋ. ಪ್ರತಿ ಕಟ್ಟಡದ ಮುಂದೆ ಕಂಬದ ಮೇಲೊಂದು ಪುಟ್ಟ ಗುಡಿ, ಒಳಗಿನ ದೇವರಿಗೆ ಕೆಂಪು ಸೋಡಾ, ಅದಕ್ಕೊಂದು ಹೀರುಗೊಳವೆ. ಪದ್ಮಾ ಕೈಮುಗಿದು, "ಅಭಿಷೇಕಾ ಮಾಡಿ ತಿರುಗಿ ನೋಡದ ನಮ್ಮಂಥಾವ್ರಿಗಿಂತ ಛಲೋ. ಕುಡೀಲಿ ಅಂತ ಅನುಕೂಲ ಮಾಡಿಕೊಟ್ಟಾರ" ಎಂದಳು.

ಮೊದಲ ಕಾರ್ಖಾನೆ ಆಸ್ಪತ್ರೆಯಂತಿತ್ತು. ತಲೆಗೆ ಟೋಪಿ, ಕಾಲಿಗೆ ಚೀಲ, ಮೈಗೆ ನಿಲುವಂಗಿ ಹಾಕಿ ನಮ್ಮನ್ನು ಗಾಜಿನ ಈಚೆ ನಿಲ್ಲಿಸಿದರು. ಆಚೆ ಉಕ್ಕಿನ ಹಂಡೆಯಲ್ಲಿ ಬಿಳಿಯದೇನೋ ತಿರುಗುತ್ತಿತ್ತು. ಒಂದೇ ಹಂಡೆಯಿಂದ ಬೇರೆ ಬೇರೆ ಡಬ್ಬಿ ತುಂಬುತ್ತಿದ್ದವು. ಮದುವೆಯಾದವಳಿಗೆ ಗುಲಾಬಿ ಬಣ್ಣದ ಡಬ್ಬಿ, ಕಾಲೇಜಿನವಳಿಗೆ ಹಸಿರು, ಮುದುಕಿಗೆ ಬಂಗಾರದ್ದು.

"ಒಳಗಿಂದು ಒಂದ ಏನ್ರಿ?" ಎಂದೆ.

"ವಾಸನಿ ಬ್ಯಾರೆ ಇರತೈತ್ರಿ ವೈನಿ" ಎಂದ ಅಪ್ಪಾಸಾಹೇಬ.

ನನ್ನ ಅರಿಸಿನದ ಗಂಟು ಮುಂದಿಟ್ಟೆ. ಅಲ್ಲಿಯ ಮ್ಯಾನೇಜರ್ ಬೆರಳಿನ ತುದಿಯಲ್ಲಿ ಮುಟ್ಟಿ ಕಾಗದದಿಂದ ಒರೆಸಿಕೊಂಡಳು. ಇದು ಅಡುಗೆಯ ವಾಸನೆ, ಬಟ್ಟೆಗೆ ಕಲೆಯಾಗುತ್ತದೆ, ಹಳದಿ ಬೇಕಿದ್ದರೆ ಬಣ್ಣ ಹಾಕುತ್ತೇವೆ, ಡಬ್ಬಿಯ ಮೇಲೆ ಅರಿಸಿನದ ಕೊಂಬಿನ ಚಿತ್ರವಿದ್ದರೆ ಸಾಕು ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ತಿರಸ್ಕಾರವೂ ಇರಲಿಲ್ಲ. ನಮ್ಮಂಥವರು ದಿನಾ ಬರುತ್ತಿದ್ದರು ಎಂದು ಕಾಣುತ್ತದೆ.

ಹೊರಗೆ ಬಂದಾಗ ನನ್ನ ಚಪ್ಪಲಿ ಇರಲಿಲ್ಲ. ಯಾರೋ ಹಾಕಿಕೊಂಡು ಹೋಗಿದ್ದರು. ಕಾರ್ಖಾನೆಯವರು ತಾವು ಒಳಗೆ ತೊಡುವ ರಬ್ಬರಿನ ಬಿಳಿ ಚಪ್ಪಲಿ ಕೊಟ್ಟರು. ಉಳಿದ ದಿನವೆಲ್ಲ ಅದರಲ್ಲೇ ಪಚಕ್ ಪಚಕ್ ಎಂದು ನಡೆದೆ.

ಸಮುತ್ ಸಾಖೋನ್

ಎರಡನೆಯದು ಸಮುದ್ರದ ಕಡೆ. ದಾರಿಯ ಎರಡೂ ಬದಿ ಉಪ್ಪಿನ ಗದ್ದೆಗಳು, ನಮ್ಮಲ್ಲಿ ಜೋಳದ ರಾಶಿ ಹಾಕಿದಂತೆ ಉಪ್ಪಿನ ರಾಶಿ. ಕಾಲುವೆಯ ದಂಡೆಯಲ್ಲಿ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಒಡತಿಯ ಹೆಸರು ಮಾಲೀ. ಎಲ್ಲರೂ ಖುನ್ ಮಾಲೀ ಎನ್ನುತ್ತಿದ್ದರು. ಖುನ್ ಎಂದರೆ ನಮ್ಮ 'ರೀ' ಇದ್ದಂತೆ, ಹೆಸರಿನ ಮುಂದೆ ಬರುತ್ತದೆ ಅಷ್ಟೆ. ಎಪ್ಪತ್ತರ ಹತ್ತಿರದ ಕುಳ್ಳನೆಯ ಹೆಂಗಸು, ಸೊಂಟಕ್ಕೆ ಬೀಗದ ಕೈಗೊಂಚಲು.

ಅವಳ ಕೆಲಸದವರೆಲ್ಲ ಬರ್ಮಾದ ಹೆಂಗಸರು. ಒಳಗೆ ಕಾಲಿಟ್ಟ ಕೂಡಲೇ ನಾನು ನಿಂತುಬಿಟ್ಟೆ. ಒಬ್ಬೊಬ್ಬರ ಗಲ್ಲದ ಮೇಲೂ ತೇಯ್ದ ಹಳದಿ ಲೇಪದ ಬೊಟ್ಟು. ಯಾವುದೋ ಮರದ ತೊಗಟೆಯದಂತೆ, ಬಿಸಿಲಿಗೆ ತಂಪು ಎಂದು ಹುಟ್ಟಿದಾಗಿನಿಂದ ಹಚ್ಚುತ್ತಾರಂತೆ. ಬಿಳಿ ಕ್ರೀಮು ತುಂಬುವ ಕೈಗಳು, ಹಳದಿ ಬಳಿದ ಮುಖಗಳು. ನಮ್ಮೂರು ಮುಳುಗುವ ಮುಂಚಿನ ಬೀರಪ್ಪನ ಗುಡಿಕಟ್ಟೆಯಲ್ಲಿ ಕುಳಿತ ನನ್ನ ಚಿಗವ್ವಂದಿರ ಹಾಗೆ ಕಂಡರು. ಅವರಲ್ಲೊಬ್ಬಳು ನನ್ನನ್ನು ನೋಡಿ ಹಲ್ಲು ಬಿಟ್ಟು ನಕ್ಕಳು. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ನೆಟ್ಟಗಿನ ನಗು ಅದು.

ಖುನ್ ಮಾಲೀ ನಮ್ಮನ್ನು ಕೂರಿಸಿ ಕೇಳಿದ ಮೊದಲ ಮಾತನ್ನು ಅಪ್ಪಾಸಾಹೇಬ ಹೀಗೆ ಹೇಳಿದ: "ಹಚ್ಚಿಕೊಳ್ಳಾವ್ರು ಯಾರು ಅಂತ ಕೇಳಾಕತ್ತಾರ್ರಿ. ಬಿಸಲಾಗ ದುಡಿಯಾವ್ರೋ, ನೆರಳಾಗ ಕುಂಡ್ರಾವ್ರೋ?"

ನಾವು ಯಾರಿಗೆ ಮಾರುತ್ತೇವೆ ಎಂದು ಇಲ್ಲಿಯತನಕ ಯಾರೂ ಕೇಳಿರಲಿಲ್ಲ. ಎಷ್ಟು ಕೊಳ್ಳುತ್ತೀರಿ ಎಂದಷ್ಟೇ ಕೇಳಿದ್ದರು. ನಾನು ಕಬ್ಬು ಕಡಿಯುವವರ ಬಗ್ಗೆ, ಬನಹಟ್ಟಿಯ ಮಗ್ಗದ ಮನೆಗಳ ಬಗ್ಗೆ, ನಮ್ಮ ಬೇಸಿಗೆಯ ಬಗ್ಗೆ ಹೇಳಿದೆ. ಅವಳು ಅರಿಸಿನವನ್ನು ತನ್ನ ಮುಂಗೈಗೆ ತಿಕ್ಕಿಕೊಂಡಳು, ಬಿಳಿ ಬಟ್ಟೆಗೆ ಹಚ್ಚಿ ತೊಳೆದು ನೋಡಿದಳು, ಒಂದಿಷ್ಟನ್ನು ಎಣ್ಣೆಯಲ್ಲಿ ಕಲಸಿ ಕಿಟಕಿಯ ಬಿಸಿಲಿಗಿಟ್ಟಳು. ಆಮೇಲೆ ಬಹಳ ಹೊತ್ತು ಮಾತಾಡಿದಳು. ಅಪ್ಪಾಸಾಹೇಬ ಅದನ್ನು ಎರಡೇ ಮಾತಿನಲ್ಲಿ ಮುಗಿಸಿದ. "ಕಷ್ಟ ಅಂತ್ರಿ. ಲೇಟ್ ಆಗತೈತಂತ."

"ಅಷ್ಟೊತ್ತು ಅಷ್ಟ ಹೇಳಿದ್ರೇನು? ಪೂರ್ತಿ ಹೇಳೋ ತಮ್ಮಾ" ಎಂದೆ.

ಒಲ್ಲದ ಮನಸ್ಸಿನಿಂದ ಹೇಳಿದ. ಖರೆ ಅರಿಸಿನ ಹಾಕಿದರೆ ಬೆಳಕಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಕಲೆ ಪೂರ್ತಿ ಹೋಗುವುದಿಲ್ಲ. ಬಿಸಿ ಕೋಣೆಯಲ್ಲಿ ಕೆಲವು ತಿಂಗಳು ಇಟ್ಟು ನೋಡದೆ ಒಂದು ಡಬ್ಬಿಯನ್ನೂ ಕೊಡುವುದಿಲ್ಲ. ಚರ್ಮ ಮೆತ್ತಗಿರುತ್ತದೆ ಎಂದು ಬೇಕಾದರೆ ಬರೆಯಿರಿ, ಬಿಳಿಯಾಗುತ್ತದೆ ಎಂದು ಬರೆಯುವುದಿದ್ದರೆ ಬೇರೆಯವರ ಹತ್ತಿರ ಹೋಗಿ.

ಅಷ್ಟರಲ್ಲಿ ಅವಳಿಗೇ ಅವನ ಅನುವಾದದ ಮೇಲೆ ಸಂಶಯ ಬಂದಿರಬೇಕು. ನನ್ನ ಮುಂಗೈ ಹಿಡಿದು, ತನಗೆ ಬರುವ ಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಬಿಳಿ ಆಗಲ್ಲ. ಕೆಡೋದೂ ಇಲ್ಲ.

ನನಗೆ ಅಲ್ಲೇ ಆತು ಅನ್ನಿಸಿತು. ಅಪ್ಪನ ಹೊಲ ಇಲ್ಲಿ ಬಿತ್ತಬಹುದು. ಪದ್ಮಾಳ ಕಡೆ ನೋಡಿದೆ. ಅವಳು ಕೈಗಡಿಯಾರ ನೋಡುತ್ತಿದ್ದಳು. ಜೈನಳಾದ ಅವಳು ಹೊತ್ತು ಮುಳುಗುವ ಮುಂಚೆ ಊಟ ಮಾಡಬೇಕಿತ್ತು. ಅದಕ್ಕೇ ಇರಬೇಕು ಎಂದುಕೊಂಡೆ.

ನೊಂಥಬುರಿ

ಮೂರನೆಯ ಕಡೆ ಹೋಗುವುದೇ ಬೇಡ ಎಂದೆ. ಅಪ್ಪಾಸಾಹೇಬ "ಮಾತು ಕೊಟ್ಟೀನ್ರಿ" ಎಂದ. ಪದ್ಮಾ "ನೋಡಾಕ ಏನ ಹೋಗತೈತಿ" ಎಂದಳು.

ಬಾಗಿಲಲ್ಲೇ ನಮ್ಮ ಹೆಸರು ಬರೆದ ಫಲಕ, ಕನ್ನಡದಲ್ಲಿ. ಅಕ್ಷರ ತಲೆಕೆಳಗಾಗಿತ್ತು, ಆದರೂ ಕನ್ನಡವೇ. ಪದ್ಮಾಳಿಗೆ ಹಣ್ಣು ಮಾತ್ರ ಕೊಡಬೇಕೆಂದೂ ಅವರಿಗೆ ಗೊತ್ತಿತ್ತು. ಅಪ್ಪಾಸಾಹೇಬ ಅಲ್ಲಿ ಮನೆಯ ಅಳಿಯನಂತೆ ಓಡಾಡುತ್ತಿದ್ದ. ಒಂದು ಪುಟ್ಟ ಡಬ್ಬಿ ಬಂತು. ಕ್ರೀಮು ಬೆಣ್ಣೆಯಂತಿತ್ತು. ವಾಸನೆ ಇಲ್ಲ, ಜಿಡ್ಡಿಲ್ಲ. ಏಳು ದಿನದಲ್ಲಿ ಬಣ್ಣ ಬದಲಾದವರ ಫೋಟೋಗಳು ಗೋಡೆಯ ತುಂಬ.

ಏಳು ದಿನ ಎಂದಾಗಲೇ ಡಬ್ಬಿಯನ್ನು ಮೇಜಿನ ಮೇಲೆ ಮರಳಿ ಇಟ್ಟೆ. ಪಾರ್ಲರಿನ ಕುರ್ಚಿಯಲ್ಲಿ ಅಂಥ ಮುಖಗಳನ್ನು ನೋಡಿದವಳು ನಾನು. ಮುಧೋಳದ ಒಬ್ಬ ಟೀಚರು ಔಷಧಿ ಅಂಗಡಿಯ ಯಾವುದೋ ಮುಲಾಮು ಹಚ್ಚಿ ತಿಂಗಳೊಪ್ಪತ್ತಿನಲ್ಲಿ ಬೆಳ್ಳಗಾಗಿ ಬಂದಿದ್ದರು. ಎಲ್ಲರೂ ಹೊಗಳಿದ್ದರು. ಆಮೇಲೆ ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಾಗಿ ಒಳಗಿನ ನರ ಕಾಣತೊಡಗಿತು. ಗಲ್ಲದ ಮೇಲೆ ಕೂದಲು. ಒಲೆಯ ಮುಂದೆ ನಿಂತರೆ ಉರಿ, ಬಿಸಿಲಿಗೆ ಬಂದರೆ ಉರಿ. ಹಚ್ಚುವುದು ಬಿಟ್ಟರೆ ಇನ್ನೂ ಉರಿ.

"ಇದ್ರಾಗ ಏನೇನು ಐತಿ ಕೇಳು" ಎಂದೆ.

"ಅದು ಕಂಪನಿ ಗುಟ್ಟು ಅಂತಾರ್ರಿ."

"ಹಚ್ಚೂದು ಬಿಟ್ರ ಏನಾಗತೈತಿ ಕೇಳು."

ಬಿಳಿ ಕೋಟಿನ ಗಂಡಸು ನಗುತ್ತ ಉತ್ತರ ಕೊಟ್ಟ. ಅಪ್ಪಾಸಾಹೇಬನೂ ನಗುತ್ತಲೇ ಹೇಳಿದ: "ಬಿಡೂದರೆ ಯಾಕ, ಮತ್ತ ಮತ್ತ ಆರ್ಡರ್ ಮಾಡ್ಕೋತ ಇರ್ರಿ ಅಂತಾರ."

ಆಮೇಲೆ ಒಬ್ಬ ಹುಡುಗಿ ನಮ್ಮನ್ನು ದೀಪಗಳಿದ್ದ ಕೋಣೆಗೆ ಕರೆದೊಯ್ದಳು. ಮೊಗಸಾಲೆಯಲ್ಲಿ ಬಂದ ಅತಿಥಿಗಳ ಫೋಟೋಗಳು ತೂಗುತ್ತಿದ್ದವು, ನಮ್ಮದೂ ಅದಕ್ಕೇ ಎಂದುಕೊಂಡೆ. ಪದ್ಮಾಳ ಫೋಟೋ ತೆಗೆದರು. ನನ್ನ ಬೊಟ್ಟು ತೆಗೆಸಿ, ಕೂದಲು ಹಿಂದಕ್ಕೆ ಕಟ್ಟಿ, ನಗು ಎಂದರು. ನಕ್ಕೆ. ಕಂಪ್ಯೂಟರಿನ ಮುಂದಿದ್ದವಳು ನಮ್ಮಿಬ್ಬರ ಮುಖ ಅಕ್ಕಪಕ್ಕ ಇಟ್ಟು ನೋಡಿ, ಒಂದು ಉದ್ದ ಒಂದು ಗುಂಡು, ಒಬ್ಬಳದೇ ಮುಖ ಎನಿಸದು ಎಂದು ಅಡ್ಡಡ್ಡ ತಲೆಯಾಡಿಸಿದಳು. ಪದ್ಮಾಳನ್ನು ಅಳಿಸಿದಳು. ನನ್ನ ಮುಖವನ್ನೇ ಎರಡು ಮಾಡಿ, ಬಲಗಡೆಯವಳ ಮೇಲೆ ಏನೋ ಎಳೆದಳು. ನನ್ನ ಕಣ್ಣೆದುರಿಗೇ ನಾನು ಬೆಳ್ಳಗಾದೆ. ಹಣೆ, ಮೂಗು, ಕತ್ತು ಒಂದೊಂದಾಗಿ. ನಡುವೆ ಒಂದು ಬಾಣದ ಗುರುತು ಬಿತ್ತು.

ಸುಣ್ಣ ಬಳಿದ ಗೋಡೆಯೊಳಗಿಂದ ಯಾರೋ ನನ್ನ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಂತಿತ್ತು.

"ಬರೇ ಮಾದರಿಗ್ರಿ ವೈನಿ, ಡಬ್ಬಿ ಹ್ಯಾಂಗ ಕಾಣತೈತಿ ಅಂತ" ಎಂದ ಅಪ್ಪಾಸಾಹೇಬ.

ಪದ್ಮಾ ನನ್ನ ಭುಜ ಹಿಡಿದುಕೊಂಡಿದ್ದಳು. ಅವಳ ಕಣ್ಣು ಅರಳಿದ್ದವು. "ಅಯ್ಯ ನಮ್ಮವ್ವಾ, ಎಷ್ಟ ಛಂದ ಕಾಣ್ತೀ ಕಸ್ತೂರಿ!" ಎಂದಳು.

ಹಾಸ್ಯವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಮನಸ್ಸಿನಿಂದ ಅಂದಿದ್ದಳು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕುಳಿತು, ನನ್ನ ಸಲುವಾಗಿ ಚಪ್ಪಲಿ ಎತ್ತಿಕೊಂಡು ಓಡಿದವಳು, ಒಳಗೊಳಗೇ ನನಗೆ ಇದೊಂದು ಸಿಗಲೆಂದು ಹಾರೈಸುತ್ತಿದ್ದಳೇ?

ಚಾವೊಫ್ರಾಯ ನದಿ

ಹೊಟೇಲಿಗೆ ದೋಣಿಯಲ್ಲಿ ಮರಳಿದೆವು. ನದಿ ನಮ್ಮ ಕೃಷ್ಣೆಯಷ್ಟೇ ಕೆಂಪು, ಜೊಂಡು ಹೊತ್ತು ಹರಿಯುತ್ತಿತ್ತು. ದಂಡೆಯ ಮನೆಗಳು ಮೊಣಕಾಲುದ್ದದ ನೀರಿನಲ್ಲಿ ಕಂಬದ ಮೇಲೆ ನಿಂತಿದ್ದವು, ಜನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು. ನೀರು ಮನೆಗೆ ಬಂದರೂ ಮನೆ ಬಿಡದೆ ಬದುಕುವ ಬಗೆ ಅವರಿಗೆ ಗೊತ್ತಿತ್ತು. ನಮಗೆ ಯಾರೂ ಅದನ್ನು ಕಲಿಸಲಿಲ್ಲ, ನೋಟೀಸು ಕೊಟ್ಟರು.

"ಮಾಲೀ ಅವ್ರಿಗೆ ಹೂಂ ಅನ್ನೂಣು" ಎಂದೆ.

ಪದ್ಮಾ ನೀರು ನೋಡುತ್ತಲೇ ಹೇಳಿದಳು. "ಆ ಮುದುಕಿ ಅರಿಷಿಣಾನ ಮಾರ್ತಾಳ. ಅರಿಷಿಣಾ ಯಾರ ಮನ್ಯಾಗ ಇಲ್ಲ? ಅದನ್ನ ಮಾರಾಕ ಇಷ್ಟ ದೂರ ಬರಬೇಕಾಗಿತ್ತೇನು?"

"ಅದನ್ನ ಮಾಡೂದು ಅಂತ ಮಾತಾಗಿತ್ತಲ್ಲ."

"ಜನಾ ಏನ ಕೇಳ್ತಾರ ಅದನ್ನ ಕೊಡೂದು ವ್ಯಾಪಾರ. ನಿನ್ನ ಪಾರ್ಲರಿಗೆ ಬಂದಾವ್ರು ಕಳೆ ಬರಲಿ ಅಂತಾರೋ, ಬೆಳ್ಳಗ ಮಾಡ್ರಿ ಅಂತಾರೋ? ನೀ ಬ್ಲೀಚ್ ಮಾಡಾಂಗಿಲ್ಲೇನು?"

"ಬ್ಲೀಚ್ ಕೂದಲಿಗೆ ಪದ್ಮಾ. ನಾಕ ದಿನಾ ಇರತೈತಿ, ಹೋಗತೈತಿ. ಇದು ಚರ್ಮಾ ತಿಂತೈತಿ. ಮುಧೋಳದ ಟೀಚರ್ ಮುಖಾ ನೀನೂ ನೋಡೀದಿ."

"ಅದು ಯಾವುದೋ ಮುಲಾಮು, ಇದು ಯಾವುದೋ. ನೋಡಿದ್ದೆಲ್ಲಾ ಒಂದ ಅಂದ್ರ ಹ್ಯಾಂಗ?"

ನಾನು ದನಿ ಏರಿಸಿದೆ. ಅಪ್ಪನ ಹೊಲದ ದುಡ್ಡು ಯಾರ ಮುಖ ಸುಡಲಿಕ್ಕೂ ಅಲ್ಲ ಎಂದೆ. ದೋಣಿಯವರು ತಿರುಗಿ ನೋಡಿದರು. ಆ ದೇಶದಲ್ಲಿ ಬಹಿರಂಗವಾಗಿ ಸಿಟ್ಟು ತೋರಿಸುವುದು ಬತ್ತಲೆ ನಿಂತಂತೆ ಎಂದು ಅಪ್ಪಾಸಾಹೇಬ ಹೇಳಿದ್ದ. ಅವನು ದೂರ ಹೋಗಿ ನಿಂತ. ಪದ್ಮಾ ಮೆಲ್ಲಗೆ, ಸಮಾಧಾನ ಮಾಡುವವಳಂತೆ ಹೇಳಿದಳು:

"ನಿನಗ ಯಾಕ ಸಿಟ್ಟ ಬರತೈತಿ ನನಗ ಗೊತ್ತಾಗತೈತಿ. ನೀ ಕರ್ರಗ ಅದೀ. ನಿನಗ ಅದು ಚುಚ್ಚತೈತಿ. ಆದ್ರ ಅದನ್ನ ವ್ಯಾಪಾರದಾಗ ತರಬ್ಯಾಡ."

ಏನು ಹೇಳಿದರೂ ಅವಳಿಗೆ ಅದು ನನ್ನ ಬಣ್ಣದ ಮಾತಾಗಿಯೇ ಕೇಳುತ್ತಿತ್ತು.

ಮರುದಿನ ಅವರಿಬ್ಬರೇ ನೊಂಥಬುರಿಗೆ ಹೋಗಿ ಆರ್ಡರು ಕೊಟ್ಟು ಬಂದರು. ನಾನು ಹೊಟೇಲಿನ ಕೆಳಗೆ ಹಣ್ಣು ಮಾರುವವಳ ಪಕ್ಕ ಕುಳಿತಿದ್ದೆ. ಅವಳು ಹಸಿ ಮಾವಿನಕಾಯಿಗೆ ಉಪ್ಪು, ಸಕ್ಕರೆ, ಖಾರ ಬೆರೆಸಿ ಕೊಟ್ಟಳು. ಮಾವಿನಕಾಯಿಗೆ ಸಕ್ಕರೆ ಹಚ್ಚುವವರನ್ನು ನಾನು ನೋಡಿದ್ದು ಅಲ್ಲೇ. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಖಾರ ಹೆಚ್ಚಾಯಿತೆಂದು ತಿಳಿದು ಇನ್ನಷ್ಟು ಸಕ್ಕರೆ ಹಾಕಿದಳು.

ವಿಮಾನದಲ್ಲಿ ಪದ್ಮಾ ಕಡೆಯ ಖಡಕ್ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು. ತಿಂದೆ.

ರಬಕವಿ

ನನ್ನ ದುಡ್ಡನ್ನು ಅವಳು ಒಂದು ಪೈಸೆ ಹಿಡಿಯದೆ ಮನೆಗೆ ತಂದುಕೊಟ್ಟಳು. ಕಣ್ಣೊರೆಸಿಕೊಂಡು ಹೋದಳು. ಅವಳನ್ನು ಕೆಟ್ಟವಳೆಂದು ಬೈದು ಮರೆಯಲು ಅದೂ ಒಂದು ಅಡ್ಡಿ.

ಮುಂದಿನ ಬೇಸಿಗೆಗೆ ಡಬ್ಬಿಗಳು ಬಂದವು. ನನ್ನ ಗಂಡ ಮುಧೋಳದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದನ್ನು ತಂದು ಮುಂದಿಟ್ಟ. "ಇದು ನೀನ ಅಲ್ಲ?" ಎಂದ. ಹೊಂಬಣ್ಣ ಎಂಬ ಹೆಸರು ಮೂಲೆಯಲ್ಲಿ ಇರುವೆಯಷ್ಟು. ಏಳೇ ದಿನದಲ್ಲಿ ಬಿಳುಪು ಎಂಬುದು ಬೆರಳು ಗಾತ್ರ. ಎಡಗಡೆ ನಾನು, ಬಾಣ, ಬಲಗಡೆ ಕಂಪ್ಯೂಟರಿನ ಆ ಬಿಳಿಯವಳು.

ಮೊದಲ ಬಸ್ಸಿಗೆ ರಬಕವಿಗೆ ಹೋದೆ. ಪದ್ಮಾ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು.

"ನನ್ನ ಮುಖಾ ತಗೀ" ಎಂದೆ.

"ಡಬ್ಬಿ ಎಲ್ಲಾ ಆಗೇ ಬಂದಾವ. ಮುಂದಿನ ಸಲ ನೋಡೂಣು." ಆಮೇಲೆ, ನಾನು ಅಲುಗದೆ ನಿಂತದ್ದು ಕಂಡು, "ಫೋಟೋ ತಗಿವಾಗ ನೀನ ನಕ್ಕಿದ್ಯಲ್ಲ ಕಸ್ತೂರಿ" ಎಂದಳು.

ಅಂಗಡಿಗಳಿಗೆ ಹೋಗಿ ಇದನ್ನು ಮಾರಬೇಡಿ ಎಂದೆ. ಪಾಲು ಮುರಿದ ಹೊಟ್ಟೆಕಿಚ್ಚು ಎಂದರು. ಬೀಳಗಿಯ ಒಬ್ಬ ಅಂಗಡಿಯವನು ಡಬ್ಬಿಯನ್ನು ನನ್ನ ಮುಖದ ಪಕ್ಕ ಹಿಡಿದು ಗಿರಾಕಿಗಳಿಗೆ ತೋರಿಸಿ, "ನೋಡ್ರಿ, ಖರೆ ಮನಿಷ್ಯಾಳ ಅದಾರ, ಸುಳ್ಳಲ್ಲ" ಎಂದ. ಆ ದಿನ ಅವನಿಗೆ ವ್ಯಾಪಾರ ಚೆನ್ನಾಗಿ ಆಗಿರಬೇಕು.

ಖುನ್ ಮಾಲೀ ಅವರಿಗೆ ಬರೆಸಿದ್ದೆ. ಅವರೊಂದು ಪುಟ್ಟ ಡಬ್ಬಿ ಕಳಿಸಿದರು. ಒಳಗಿನದು ಕಂದಾಗಿತ್ತು. ಹೀಗಾಗುತ್ತದೆಂದು ಮೊದಲೇ ಹೇಳಿದ್ದರಲ್ಲ, ಇನ್ನೊಮ್ಮೆ ಮಾಡಿ ನೋಡುವುದಾಗಿ ತಿಳಿಸಿದ್ದರು. ಅವರು ಕೇಳುವಷ್ಟು ಮಾಲು ಒಬ್ಬಳೇ ಎತ್ತುವ ಶಕ್ತಿ ನನಗಿರಲಿಲ್ಲ. ಬೇಡ ಎಂದು ಹೇಳಲೂ ಆಗದೆ ಸುಮ್ಮನಾದೆ. ಅಪ್ಪನ ಹೊಲ ಮತ್ತೆ ಬ್ಯಾಂಕಿಗೆ ಹೋಯಿತು.

ಮತ್ತೆ ಜಮಖಂಡಿ

ಅದರ ಮುಂದಿನ ವರ್ಷ, ಒಂದು ಮಧ್ಯಾಹ್ನ, ಬನಹಟ್ಟಿಯ ಹುಡುಗಿಯೊಬ್ಬಳು ಪಾರ್ಲರಿಗೆ ಬಂದಳು. ಮಗ್ಗದ ಮನೆಯವಳು, ಲಗ್ನ ಗೊತ್ತಾಗಿತ್ತು. ಓಡಣಿ ತೆಗೆದಾಗ ಗಲ್ಲ ಎರಡೂ ಕೆಂಪಗೆ ಹೊಳೆಯುತ್ತಿದ್ದವು, ಮೂಗಿನ ಪಕ್ಕ ಸಣ್ಣ ನರಗಳು ಜೇಡರ ಬಲೆಯಂತೆ. ಫ್ಯಾನಿನ ಗಾಳಿಗೂ ಕಣ್ಣು ಕಿವುಚುತ್ತಿದ್ದಳು. ತಣ್ಣೀರಿನ ಬಟ್ಟೆ ಹಾಕಿದೆ. ಅವಳು ಕನ್ನಡಿಯ ಮೂಲಕ ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾರ, ಡಬ್ಬಿ ಮ್ಯಾಲಿನಾವ್ರು ನೀವ ಅಲ್ರಿ?"

"ಹೌದು."

"ಈಗ ಹಚ್ಚೂದು ಬಿಟ್ರೇನ್ರಿ?"

"ಯಾಕವಾ?"

"ಮತ್ತ ಕರ್ರಗ ಆಗೀರಲ್ಲ."

ಬಟ್ಟೆ ಹಿಂಡಿ ಬದಲಿಸಿದೆ. ನಾನು ಹುಟ್ಟಿದಾಗಿನಿಂದ ಹೀಗೇ ಇದ್ದೇನೆ, ಆ ಬಿಳಿಯವಳು ಕಂಪ್ಯೂಟರಿನಲ್ಲಿ ಹುಟ್ಟಿದವಳು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬಾಗಲಕೋಟೆಯ ಚರ್ಮದ ಡಾಕ್ಟರ ಹತ್ತಿರ ಈ ವಾರವೇ ಹೋಗು ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹಚ್ಚೂದು ಬಿಟ್ರ ಮೊದಲಿನಂಗ ಆಗ್ತೀನೇನ್ರಿ?"

"ಮೊದ್ಲ ಉರೀತೈತಿ. ಡಾಕ್ಟರು ಔಷಧ ಕೊಡ್ತಾರ. ಆಮ್ಯಾಲ ನಿನ್ನ ಬಣ್ಣ ನಿನಗ ಬರತೈತಿ."

ಅವಳು ಗಾಬರಿಯಾದದ್ದು ಆಗ.

"ಗಂಡಿನಾವ್ರು ನೋಡಿ ಹೋಗುವಾಗ ನಾ ಬೆಳ್ಳಗ ಇದ್ದೆನ್ರಿ" ಎಂದಳು.

ಬಟ್ಟೆಯನ್ನು ತಾನೇ ಮುಖದಿಂದ ತೆಗೆದು ಮಡಚಿ ನನ್ನ ಕೈಗಿಟ್ಟಳು. ಎದ್ದು ನಿಂತು ಓಡಣಿ ಸುತ್ತಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ನಿಮ್ಮ ಕಡೆ ಒಂದ ಡಬ್ಬಿ ಇದ್ರ ಕೊಡ್ರಲ್ಲ. ಬನಹಟ್ಟಿಯೊಳಗ ಮುಗದಾವು."

ನನ್ನ ಹತ್ತಿರ ಇಲ್ಲ ಎಂದೆ. ಅವಳು ನಂಬಲಿಲ್ಲ. ನನ್ನ ಹಿಂದಿನ ಕಪಾಟಿನ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಓಡಣಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಬಿಸಿಲಿಗೆ ಇಳಿದಳು.